ಗ್ಯಾರೇಜಿಗೆ ಶೆಟರ್ ಹಾಕಿಸೋಣ, ಮೊದಲು ಲೆಕ್ಕ ಹಾಕೋಣ



ನಬಾರ್ಡ್ 1992ರಲ್ಲಿ ಸಂಘಗಳನ್ನು ಬ್ಯಾಂಕಿಗೆ ಜೋಡಿಸುವ ಕೆಲಸ ಶುರು ಮಾಡಿತು. 2000ದ ಇಸವಿಯಲ್ಲಿ ನಮ್ಮ ರಾಜ್ಯದಲ್ಲಿ ಸ್ತ್ರೀಶಕ್ತಿ ಸಂಘಗಳು ಹುಟ್ಟಿಕೊಂಡವು. ಆಗೆಲ್ಲ ಸಭೆಯಲ್ಲಿ ಸಾಲ ಕೇಳುತ್ತಿದ್ದುದು ಬೀಜ ಗೊಬ್ಬರಕ್ಕೆ, ಆಸ್ಪತ್ರೆ ಖರ್ಚಿಗೆ, ಮಕ್ಕಳ ಫೀಸಿಗೆ, ಬಹಳವೆಂದರೆ ಒಂದು ಎಮ್ಮೆಗೆ. ಈಗ ಕೇಳುವ ಕಾರಣಗಳು ಬೇರೆ ಆಗಿವೆ. ಹಗರಿಬೊಮ್ಮನಹಳ್ಳಿಯಿಂದ ಕೊಟ್ಟೂರು, ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ ಯಾವ ದಾರಿ ಹಿಡಿದು ಹೋದರೂ ರಸ್ತೆ ಬದಿಗೆ ಬೈಕ್ ರಿಪೇರಿ ಗ್ಯಾರೇಜುಗಳು ಸಿಗುತ್ತವೆ. ನಡೆಸುವವರು ನಮ್ಮ ಮಕ್ಕಳು, ನಮ್ಮ ಮನೆಯವರು. ಹೊರದೇಶದಲ್ಲಿ ಗ್ಯಾರೇಜ್ ಅಂದರೆ ಮನೆ ಮಗ್ಗುಲಲ್ಲಿ ಕಾರು ನಿಲ್ಲಿಸುವ ಕೋಣೆಯಂತೆ. ನಮ್ಮಲ್ಲಿ ಗ್ಯಾರೇಜ್ ಅಂದರೆ ಕೈಗೆ ಮಸಿ ಹತ್ತುವ ಜಾಗ, ಅನ್ನ ಕೊಡುವ ಜಾಗ.

ಆದ್ದರಿಂದ ಈ ಸಲದ ಪಾಠ ಗ್ಯಾರೇಜಿನ ಬಾಗಿಲ ಮೇಲೆ. "ಬಾಗಿಲಿಗೊಂದು ಪಾಠವೇ?" ಅಂತ ನಗಬೇಡಿ. ಶೆಟರ್ ಹಾಕಿಸುವುದು ಮಗನ ಅಂಗಡಿಗೆ, ಸಾಲ ಬರೆಯುವುದು ಅವ್ವನ ಹೆಸರಿಗೆ. ಕಂತು ತಪ್ಪಿದರೆ ಸಭೆಯಲ್ಲಿ ತಲೆ ತಗ್ಗಿಸಿ ಕೂಡಬೇಕಾದವಳೂ ಅವ್ವನೇ. ಹಾಗಿರುವಾಗ ಶೆಟರಿನ ಅಳತೆ, ದರ, ದಪ್ಪ ಇವೆಲ್ಲ ಗಂಡಸರ ಮಾತು ಅಂತ ನಾವು ದೂರ ಕೂತರೆ ಹೇಗೆ?

ಬಾಗಿಲು ಬೇಕೇ, ಯಾಕೆ ಬೇಕು?

ಹಿಂದೆ ಪೇಟೆ ಅಂಗಡಿಗಳಿಗೆ ಹಲಗೆ ಬಾಗಿಲು ಇರುತ್ತಿದ್ದವು. ಹಲಗೆಗಳ ಮೇಲೆ ಒಂದು, ಎರಡು ಅಂತ ನಂಬರ್ ಬರೆದಿರುತ್ತಿತ್ತು. ರಾತ್ರಿ ಒಂದೊಂದಾಗಿ ಗಾಡಿಯಲ್ಲಿ ಕೂಡಿಸಿ ಅಡ್ಡಪಟ್ಟಿ ಹಾಕಿ ಬೀಗ ಜಡಿಯುತ್ತಿದ್ದರು. ನಂಬರ್ ತಪ್ಪಿದರೆ ಹಲಗೆ ಕೂಡುತ್ತಲೇ ಇರಲಿಲ್ಲ. ಈಗ ಆ ಜಾಗಕ್ಕೆ ಶೆಟರ್ ಬಂದಿದೆ. ರಸ್ತೆ ಬದಿಯ ತಗಡಿನ ಶೆಡ್ಡಿಗೆ ಮಾತ್ರ ಇವತ್ತಿಗೂ ಎಷ್ಟೋ ಕಡೆ ತಟ್ಟಿಯೋ, ಸರಪಳಿ ಹಾಕಿದ ತಗಡೋ ಇರುತ್ತದೆ.

ಶೆಟರ್ ಎಮ್ಮೆಯಂತೆ ಹಾಲು ಕೊಡುವುದಿಲ್ಲ. ಹಾಗಾದರೆ ಇದು ಬರೀ ಖರ್ಚೇ? ಹಂಗೂ ಅನ್ನಲಾಗದು. ಸ್ಪ್ಯಾನರ್ ಪೆಟ್ಟಿಗೆ, ಜಾಕ್, ಗಾಳಿ ಹಾಕುವ ಮಷೀನು, ಇವನ್ನು ದಿನಾ ಸಂಜೆ ಮನೆಗೆ ಹೊತ್ತು ತಂದು ಬೆಳಿಗ್ಗೆ ಹೊತ್ತು ಒಯ್ಯುವ ಹುಡುಗನಿಗೆ ಕೆಲಸದ ಹೊತ್ತೇ ಕಡಿಮೆ ಆಗುತ್ತದೆ. ಗಿರಾಕಿಯ ಗಾಡಿಯನ್ನು ರಾತ್ರಿ ಇಟ್ಟುಕೊಳ್ಳಲು ಆಗುವುದಿಲ್ಲ. ಇಂಜಿನ್ ಬಿಚ್ಚುವ ದೊಡ್ಡ ಕೆಲಸ ಒಂದು ದಿನಕ್ಕೆ ಮುಗಿಯುವಂಥದ್ದಲ್ಲ, ಹಾಗಾಗಿ ಅಂಥ ಕೆಲಸ ಬೇರೆ ಗ್ಯಾರೇಜಿಗೆ ಹೋಗುತ್ತದೆ. ಆಯಿಲ್, ಟ್ಯೂಬು, ಬ್ರೇಕ್ ಶೂ ದಾಸ್ತಾನು ಇಡುವುದಕ್ಕೂ ಭಯ. ಇಂಥ ಕಾರಣ ಇದ್ದರೆ ಶೆಟರ್ ದುಡಿಮೆಗೆ ಬೇಕಾದ ಸಾಮಾನೇ. ಪಕ್ಕದವರು ಹಾಕಿಸಿದರು ಅಂತ ಹಾಕಿಸುವುದಾದರೆ ಬೇರೆ ಮಾತು. ಸಾಲದ ಅರ್ಜಿಯಲ್ಲಿ "ಶೆಟರಿಗೆ" ಅಂತ ಒಂದೇ ಮಾತು ಬರೆದರೆ ಸಾಲದು. ಅದು ಬಂದ ಮೇಲೆ ದುಡಿಮೆ ಎಲ್ಲಿಂದ ಹೆಚ್ಚುತ್ತದೆ ಅನ್ನುವುದನ್ನೂ ಬರೆಸೋಣ.

ಶೆಡ್ ಬಾಡಿಗೆಯದಾದರೆ ಇನ್ನೂ ಒಂದು ಪ್ರಶ್ನೆ ಇದೆ. ನಮ್ಮ ದುಡ್ಡಿನ ಶೆಟರ್ ಮಾಲೀಕರ ಗೋಡೆಗೆ ಕೂತರೆ ಅದು ಯಾರದು? ನಾಳೆ ಖಾಲಿ ಮಾಡಿ ಅಂದಾಗ ಬಿಚ್ಚಿಕೊಂಡು ಹೋಗಬಹುದೇ? ಇಲ್ಲದಿದ್ದರೆ ಆ ಹಣವನ್ನು ತಿಂಗಳಿಗಿಷ್ಟು ಅಂತ ಬಾಡಿಗೆಯಲ್ಲಿ ಮುರಿದುಕೊಳ್ಳುವರೇ? ಇದನ್ನು ಬಾಯಿ ಮಾತಿಗೆ ಬಿಡಬಾರದು. ಸ್ಟಾಂಪ್ ಕಾಗದದ ಮೇಲೆ ನಾಲ್ಕು ಸಾಲು ಬರೆಸಿ, ಇಬ್ಬರ ಸಹಿ, ಸಾಕ್ಷಿ ಸಹಿ ಹಾಕಿಸಿ. ಆ ಕಾಗದ ಬರುವ ತನಕ ಬಾಡಿಗೆ ಶೆಡ್ಡಿನ ಶೆಟರಿಗೆ ಸಂಘ ಸಾಲ ಕೊಡಬಾರದು ಎಂಬುದೇ ನಮ್ಮ ಅಭಿಪ್ರಾಯ. ಕಠಿಣ ಅನ್ನಿಸಬಹುದು. ಆದರೆ ಅದು ಎಲ್ಲರ ಉಳಿತಾಯದ ದುಡ್ಡು.

ಅಡಿಗೆ ಇಷ್ಟು ಅಂದರೆ ಯಾವ ಅಡಿ?

"ಶೆಟರ್ ಎಷ್ಟಾಗತೈತಪ್ಪಾ?" ಅಂತ ಕೇಳಿದರೆ "ಅಡಿಗೆ ಇಷ್ಟು" ಅಂತಾರೆ. ಇದು ಚದರಡಿ ದರ, ಅಗಲವನ್ನು ಎತ್ತರದಿಂದ ಗುಣಿಸಿದ ಲೆಕ್ಕ. ಆದರೆ ಯಾವ ಅಗಲ, ಯಾವ ಎತ್ತರ? ನಾವು ಟೇಪು ಹಿಡಿದು ಅಳೆಯುವುದು ಬಾಗಿಲ ಸಂದನ್ನು. ಅಂಗಡಿಯವರು ಅಳೆಯುವುದು ಇಡೀ ಶೆಟರನ್ನು. ಎರಡೂ ಬದಿ ಚಾನೆಲ್ ಒಳಗೆ ಹೋಗುವ ಭಾಗ, ಮೇಲೆ ಪೈಪಿಗೆ ಸುತ್ತಿಕೊಂಡಿರುವ ಸುರುಳಿ, ಇವೂ ಅವರ ಲೆಕ್ಕಕ್ಕೆ ಸೇರುತ್ತವೆ. ಇದು ಮೋಸವೇನೂ ಅಲ್ಲ, ಶೆಟರ್ ಪೂರ್ತಿ ಇಳಿದಾಗಲೂ ಒಂದೆರಡು ಸುತ್ತು ಪಟ್ಟಿ ಪೈಪಿನ ಮೇಲೇ ಉಳಿಯಬೇಕು. ಆದರೆ ನಮಗೆ ಮೊದಲೇ ಗೊತ್ತಿರಬೇಕು.

ಒಂದು ಲೆಕ್ಕ ಮಾಡೋಣ. ಇಲ್ಲಿರುವ ದರಗಳು ಲೆಕ್ಕ ಕಲಿಯುವುದಕ್ಕೆ ನಾವೇ ಹಿಡಿದವು. ಕಬ್ಬಿಣದ ಬೆಲೆ ಏರಿಳಿಯುತ್ತದೆ, ನೀವು ಕೇಳಿದ ದರ ಹಾಕಿ ಲೆಕ್ಕ ತಿದ್ದಿಕೊಳ್ಳಿ. ಬಾಗಿಲ ಸಂದು ಒಂಬತ್ತೂವರೆ ಅಡಿ ಅಗಲ, 8 ಅಡಿ ಎತ್ತರ. ಗುಣಿಸಿದರೆ 76 ಚದರಡಿ. ದರ 250 ರೂಪಾಯಿ ಆದರೆ 19,000. ಮನೆಯಲ್ಲಿ ಎಲ್ಲರ ತಲೆಯಲ್ಲಿ ಕೂತಿರುವುದು ಈ 19,000. ಅಂಗಡಿಯವರು ಚಾನೆಲಿಗೆ ಎರಡೂ ಬದಿ ಸೇರಿ ಅರ್ಧ ಅಡಿ, ಸುರುಳಿಗೆ ಒಂದು ಅಡಿ ಸೇರಿಸಿದರು ಅನ್ನಿ. 10 ಅಡಿ ಅಗಲ, 9 ಅಡಿ ಎತ್ತರ ಆಯಿತು. 90 ಚದರಡಿಗೆ 22,500. ಕೆಲಸ ಶುರುವಾಗುವ ಮೊದಲೇ 3,500 ರೂಪಾಯಿ ಹೆಚ್ಚಾಯಿತು ನೋಡಿ.

ಇದರ ಮೇಲೆ ಜಿಎಸ್‌ಟಿ ಇದೆ. 2017ರ ಜುಲೈಯಿಂದ ಬಂದ ಈ ತೆರಿಗೆ ಕಬ್ಬಿಣದ ಬಾಗಿಲು ಶೆಟರುಗಳಿಗೆ ನೂರಕ್ಕೆ 18. ಅಂದರೆ 4,050 ರೂಪಾಯಿ. ಆದರೆ ತೆರಿಗೆ ಕೇಳುವವರೆಲ್ಲರಿಗೂ ಕೊಡಬೇಕಾಗಿಲ್ಲ. ನೋಂದಣಿ ಇಲ್ಲದ ಸಣ್ಣ ವೆಲ್ಡಿಂಗ್ ಅಂಗಡಿಯವರು ಜಿಎಸ್‌ಟಿ ಅಂತ ಹಣ ಪಡೆಯುವ ಹಾಗಿಲ್ಲ. ನೋಂದಣಿ ಇದ್ದವರ ಬಿಲ್ಲಿನಲ್ಲಿ 15 ಅಕ್ಷರ ಅಂಕಿಗಳ ನಂಬರ್ ಇರುತ್ತದೆ, ಕರ್ನಾಟಕದವರದು 29ರಿಂದ ಶುರುವಾಗುತ್ತದೆ. ಆ ನಂಬರ್ ಇಲ್ಲದ ಚೀಟಿಯಲ್ಲಿ 18 ಪರ್ಸೆಂಟ್ ಬರೆದಿದ್ದರೆ ಯಾಕೆ ಅಂತ ಕೇಳಿ. ಇನ್ನು "ಬಿಲ್ಲು ಬೇಡ ಅಂದ್ರೆ ಕಡಿಮೆ ಮಾಡ್ತೀನಕ್ಕಾ" ಅಂದರೆ ಒಪ್ಪಬೇಡಿ. ಆರು ತಿಂಗಳಿಗೆ ಸ್ಪ್ರಿಂಗ್ ಹೋದರೆ ಏನು ತೋರಿಸಿ ಕೇಳುತ್ತೀರಿ? ಬಿಲ್ಲು ಸಾಲಗಾರ ಸದಸ್ಯೆಯ ಹೆಸರಿನಲ್ಲೇ ಇರಲಿ.

ಈಗ ಪೂರ್ತಿ ಲೆಕ್ಕ ಬರೆಯೋಣ.

ಶೆಟರ್, 90 ಚದರಡಿ: 22,500
ಜಿಎಸ್‌ಟಿ: 4,050
ಗೋಡೆ ಒಡೆದು ಚಾನೆಲ್ ಕೂಡಿಸಿ ಗಾರೆ ಮಾಡುವ ಮೇಸ್ತ್ರಿ ಕೂಲಿ, ಸಿಮೆಂಟು: 2,500
ಗಾಡಿ ಬಾಡಿಗೆ: 1,000
ಪ್ರೈಮರ್, ಬಣ್ಣ: 1,500
ಒಳ್ಳೆಯ ಬೀಗ ಎರಡು: 900
ಎರಡು ದಿನ ಗ್ಯಾರೇಜ್ ಬಂದಾದರೆ ಹೋಗುವ ದುಡಿಮೆ, ದಿನಕ್ಕೆ 600ರಂತೆ: 1,200
ಅಡಚಣೆಗೆ ಇಟ್ಟದ್ದು: 1,350
ಒಟ್ಟು: 35,000

ಹತ್ತೊಂಬತ್ತು ಎಲ್ಲಿ, ಮೂವತ್ತೈದು ಎಲ್ಲಿ! 19,000 ನಂಬಿ ಸಾಲ ಎತ್ತಿದವರು ಅರ್ಧದಲ್ಲಿ ಮತ್ತೆ ಕೈಗಡಕ್ಕೆ ಓಡುತ್ತಾರೆ. ಆ ಎರಡನೇ ಸಾಲವೇ ದುಬಾರಿ. ಗೋಡೆ ಕಂಬ ಗಟ್ಟಿ ಇಲ್ಲದಿದ್ದರೆ, ಮೇಲೆ ಲಿಂಟಲ್ ಇಲ್ಲದಿದ್ದರೆ ಮೇಸ್ತ್ರಿ ಖರ್ಚು ನಾವು ಬರೆದುದಕ್ಕಿಂತ ಬಹಳ ಮೇಲೆ ಹೋಗುತ್ತದೆ. ಬರೀ ತಗಡಿನ ಶೆಡ್ಡಿಗೆ ಶೆಟರಿನ ಭಾರ ಹೊರಲು ಕಬ್ಬಿಣದ ಕಂಬ, ತೊಲೆ ಮೊದಲು ನಿಲ್ಲಿಸಬೇಕು. ಅದಕ್ಕೇ ಮೊದಲು ಮೇಸ್ತ್ರಿ ಬಂದು ನೋಡಲಿ, ಆಮೇಲೆ ಶೆಟರಿನವರು ಬರಲಿ.

ಗೇಜ್ ಹೆಚ್ಚಾದರೆ ತಗಡು ತೆಳು

ಇದು ಬಹಳ ಜನ ಎಡವುವ ಕಡೆ. ತಗಡಿನ ದಪ್ಪಕ್ಕೆ ಗೇಜ್ ಅಂತಾರೆ. ನಂಬರ್ ದೊಡ್ಡದಾದಷ್ಟೂ ತಗಡು ತೆಳ್ಳಗೆ. 18 ಗೇಜ್ ಸುಮಾರು 1.2 ಮಿಲಿಮೀಟರ್, 20 ಗೇಜ್ ಸುಮಾರು 0.9, 22 ಗೇಜ್ ಸುಮಾರು 0.7. ಇಪ್ಪತ್ತಕ್ಕಿಂತ ಇಪ್ಪತ್ತೆರಡು ಒಳ್ಳೇದಿರಬೇಕು ಅಂದುಕೊಂಡರೆ ಕೆಟ್ಟಿರಿ. 20 ಗೇಜಿಗಿಂತ 18 ಗೇಜಿನಲ್ಲಿ ಮೂರನೇ ಒಂದು ಪಾಲು ಹೆಚ್ಚು ಕಬ್ಬಿಣ ಇರುತ್ತದೆ. ಆದ್ದರಿಂದ ಒಬ್ಬರು 220 ಹೇಳಿದರು, ಇನ್ನೊಬ್ಬರು 270 ಹೇಳಿದರು ಅಂದಾಕ್ಷಣ ಮೊದಲನೆಯವರು ಅಗ್ಗ ಅನ್ನಬೇಡಿ. ಗೇಜ್ ಯಾವುದು ಅಂತ ಕೇಳಿ. ಅನುಮಾನ ಬಂದರೆ ಲೇತ್ ಅಂಗಡಿಯಲ್ಲಿ ವರ್ನಿಯರ್ ಇರುತ್ತದೆ, ಪಟ್ಟಿಯ ಒಂದು ತುಂಡು ಒಯ್ದು ಬಣ್ಣ ಹಚ್ಚುವ ಮೊದಲೇ ಅಳೆಸಿ. ಒಂದು ನಿಮಿಷದ ಕೆಲಸ.

ಪಟ್ಟಿಯಷ್ಟೇ ಮುಖ್ಯ ಚಾನೆಲ್. ನಮ್ಮ ಕಡೆ ಆಷಾಢದ ಗಾಳಿ ಗೊತ್ತಲ್ಲ! ಚಾನೆಲ್ ಆಳ ಕಡಿಮೆ ಇದ್ದರೆ ಅಗಲವಾದ ಶೆಟರ್ ಗಾಳಿಗೆ ಹೊಟ್ಟೆ ಉಬ್ಬಿ ಪಟ್ಟಿ ಹೊರಗೆ ಬರುತ್ತದೆ. ರಾತ್ರಿಯೆಲ್ಲ ದಡದಡ ಸದ್ದು ಬೇರೆ. ಶೆಟರ್ ಅಗಲ, ಭಾರ ಹೆಚ್ಚಾದರೆ ಬಾಲ್ ಬೇರಿಂಗ್ ಇರುವುದು ಬೇಕು, ಇನ್ನೂ ಹೆಚ್ಚಾದರೆ ಸರಪಳಿ ಎಳೆಯುವ ಗೇರ್ ಬೇಕು. ಎತ್ತುವಾಗ ಸೊಂಟ ಹಿಡಿಯುವಂಥ ಶೆಟರ್ ಹಾಕಿಸಿಕೊಂಡು ಏನು ಮಾಡುವುದು? ಮೋಟಾರು ಶೆಟರ್ ಮಾತು ಬೇಡ, ಇಷ್ಟು ಸಣ್ಣ ಗ್ಯಾರೇಜಿಗೆ ಅದು ದಂಡ.

ಶೆಟರಿಗೆ ಬದಲು ಎರಡು ಹೋಳಿನ ಕಬ್ಬಿಣದ ಬಾಗಿಲು ಸಾಕಾಗುವುದೇ ಅಂತಲೂ ನೋಡಿ. ವೆಲ್ಡಿಂಗ್ ಅಂಗಡಿಯಲ್ಲಿ ಇದನ್ನು ಹೆಚ್ಚಾಗಿ ಕಿಲೋ ಲೆಕ್ಕದಲ್ಲಿ ಮಾಡಿಕೊಡುತ್ತಾರೆ. ಸ್ಪ್ರಿಂಗ್ ಇಲ್ಲ, ರಿಪೇರಿ ಕಡಿಮೆ. ಆದರೆ ಬಾಗಿಲು ತೆರೆದಿಡಲು ಮುಂದೆ ಜಾಗ ಬೇಕು, ರಸ್ತೆಗೆ ಚಾಚಬಾರದು. ತೂಕ ನಮ್ಮ ಕಣ್ಣೆದುರೇ ಆಗಬೇಕು.

ಮೂರು ಕಡೆ ವಿಚಾರಿಸಿ, ಊರಲ್ಲಿ ಒಂದು, ಹೊಸಪೇಟೆಯಲ್ಲಿ ಒಂದು, ಹರಪನಹಳ್ಳಿಯಲ್ಲೋ ಕೊಟ್ಟೂರಿನಲ್ಲೋ ಒಂದು. ಕೊಟೇಶನ್ ಬರವಣಿಗೆಯಲ್ಲಿ ಇರಲಿ. ಗೇಜ್, ಅಳತೆ, ಮೇಲಿನ ಕವರ್ ಸೇರಿದೆಯೇ, ಫಿಟ್ಟಿಂಗ್ ಸೇರಿದೆಯೇ, ಸ್ಪ್ರಿಂಗಿಗೆ ಎಷ್ಟು ದಿನದ ಗ್ಯಾರಂಟಿ, ಇಷ್ಟೂ ಅದರಲ್ಲಿ ಬರಬೇಕು. ಮುಂಗಡ ಮೂರನೇ ಒಂದು ಪಾಲಿಗಿಂತ ಹೆಚ್ಚು ಕೊಡಬೇಡಿ. ಕೂಡಿಸಿದ ಮೇಲೆ ಎರಡು ದಿನ ಎತ್ತಿ ಇಳಿಸಿ ನೋಡಿ ಬಾಕಿ ಕೊಡಿ.

ಕಂತು ಎಲ್ಲಿಂದ ಬರುತ್ತದೆ?

ನಮ್ಮ ಲೆಕ್ಕದ 35,000ದಲ್ಲಿ ಮನೆಯವರು 10,000 ಹಾಕುತ್ತಾರೆ, ಸಂಘದಿಂದ 25,000 ಸಾಲ ಅಂತ ಇಟ್ಟುಕೊಳ್ಳೋಣ. ಹತ್ತು ತಿಂಗಳು, ತಿಂಗಳಿಗೆ 2,500 ಅಸಲು. ಬಡ್ಡಿ ನೂರಕ್ಕೆ ಒಂದು ರೂಪಾಯಿ. ಅಸಲು ಇಳಿದಂತೆ ಬಡ್ಡಿಯೂ ಇಳಿದರೆ ಮೊದಲ ತಿಂಗಳು 250, ಎರಡನೇ ತಿಂಗಳು 225, ಹೀಗೆ ಕೊನೆಯ ತಿಂಗಳು ಬರೀ 25. ಹತ್ತು ತಿಂಗಳಿಗೆ ಒಟ್ಟು 1,375. ಅದೇ ಒಂದು ರೂಪಾಯಿ ಬಡ್ಡಿಯನ್ನು ಕೊನೆಯ ತನಕ ಪೂರ್ತಿ 25,000ದ ಮೇಲೇ ಹಾಕಿದರೆ, ಅಂದರೆ ಫ್ಲಾಟ್ ಬಡ್ಡಿ ಆದರೆ, 2,500 ಆಗುತ್ತದೆ. ಇನ್ನೊಂದು ಲೆಕ್ಕ ನೋಡಿ: ಎರಡು ರೂಪಾಯಿ ಬಡ್ಡಿ, ಆದರೆ ಇಳಿಯುವ ಅಸಲಿನ ಮೇಲೆ, ಒಟ್ಟು 2,750. ಒಂದು ರೂಪಾಯಿ ಫ್ಲಾಟ್, ಎರಡು ರೂಪಾಯಿ ಇಳಿಕೆ ಬಡ್ಡಿ, ಎರಡೂ ಹೆಚ್ಚು ಕಡಿಮೆ ಒಂದೇ! ಹೊರಗೆ ಯಾರಾದರೂ "ಒಂದೇ ರೂಪಾಯಿ ಬಡ್ಡಿ" ಅಂದರೆ ಯಾವ ಲೆಕ್ಕದ ಒಂದು ರೂಪಾಯಿ ಅಂತ ಕೇಳಬೇಕು. 2024ರ ಅಕ್ಟೋಬರ್‌ನಿಂದ ಬ್ಯಾಂಕು, ಫೈನಾನ್ಸಿನವರು ಇಂಥ ಸಾಲಗಳಿಗೆ ವರ್ಷದ ಪೂರ್ತಿ ಬಡ್ಡಿ, ಇತರ ಖರ್ಚು ಎಲ್ಲ ತೋರಿಸುವ ವಿವರ ಪತ್ರವನ್ನು ಮೊದಲೇ ಕೊಡಬೇಕು ಅಂತ ರಿಸರ್ವ್ ಬ್ಯಾಂಕಿನ ನಿಯಮ ಇದೆ. ಕೇಳಿ ಪಡೆಯಿರಿ.

ಮೊದಲ ತಿಂಗಳ ಕಂತು ಬಡ್ಡಿ ಸೇರಿ 2,750. ಗ್ಯಾರೇಜ್ ತಿಂಗಳಿಗೆ 26 ದಿನ ತೆರೆದರೆ ದಿನಕ್ಕೆ ಸುಮಾರು 106 ರೂಪಾಯಿ ಪಕ್ಕಕ್ಕೆ ಇಡಬೇಕು. ಮಗ "ಕಟ್ಟತೀನಿ ಬಿಡಬೇ" ಅಂತಾನೆ. ಸಂತೋಷ. ಸಾಲ ಎತ್ತುವುದಕ್ಕೆ ಎರಡು ತಿಂಗಳು ಮೊದಲೇ ಇಟ್ಟು ತೋರಿಸಲಿ. ದಿನಾ ರಾತ್ರಿ 106 ರೂಪಾಯಿ ಅವ್ವನ ಡಬ್ಬಿಗೆ ಬೀಳಲಿ. 52 ದಿನಕ್ಕೆ 5,512 ರೂಪಾಯಿ ಕೂಡುತ್ತದೆ. ಸಾಲ 25,000ದಿಂದ 19,500ಕ್ಕೆ ಇಳಿಯಿತು. ಡಬ್ಬಿ ತುಂಬದಿದ್ದರೆ ಅದೂ ಒಳ್ಳೆಯದೇ, ಸಾಲ ಎತ್ತುವ ಮೊದಲೇ ಸತ್ಯ ಗೊತ್ತಾಯಿತು. ಇದು ಹೊಸ ಉಪಾಯ ಏನಲ್ಲ. ಉಡುಪಿ ಕಡೆ ಸಿಂಡಿಕೇಟ್ ಬ್ಯಾಂಕಿನವರು 1928ರಲ್ಲೇ ದಿನಕ್ಕೆ ಎರಡಾಣೆ ಕೂಡಿಸುವ ಪಿಗ್ಮಿ ಶುರು ಮಾಡಿದ್ದರು. ಆ ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ಸೇರಿಹೋಯಿತು, ಪಿಗ್ಮಿ ಮಾತ್ರ ಎಲ್ಲ ಊರಲ್ಲೂ ಉಳಿಯಿತು.

ದುಡಿಮೆ ಎಲ್ಲ ತಿಂಗಳು ಒಂದೇ ಸಮ ಇರುವುದಿಲ್ಲ. ಮೆಕ್ಕೆಜೋಳ, ಶೇಂಗಾ, ಈರುಳ್ಳಿ ದುಡ್ಡು ಕೈಗೆ ಬಂದಾಗ ಜನ ಗಾಡಿ ಸರಿ ಮಾಡಿಸುತ್ತಾರೆ. ಕೊಟ್ಟೂರು ತೇರು, ಮೈಲಾರ ಜಾತ್ರೆ ಬಂದರೆ ರಸ್ತೆಯಲ್ಲಿ ಗಾಡಿಗಳು ಹೆಚ್ಚು. ಮಳೆ ಕೈಕೊಟ್ಟ ವರ್ಷ ರೈತನ ಬೈಕು ಮೂಲೆ ಸೇರುತ್ತದೆ, ಗ್ಯಾರೇಜೂ ಒಣಗುತ್ತದೆ. ಹಾಗಾಗಿ ಸುಗ್ಗಿ ತಿಂಗಳಲ್ಲಿ 3,500, ಬರಗಾಲದ ತಿಂಗಳಲ್ಲಿ 1,500 ಅಂತ ಕಂತು ಗೊತ್ತು ಮಾಡಿಕೊಳ್ಳುವುದಕ್ಕೆ ಸಂಘದಲ್ಲಿ ಅವಕಾಶ ಇದೆ. ನಡಾವಳಿ ಪುಸ್ತಕದಲ್ಲಿ ಮೊದಲೇ ಬರೆದು ಸಹಿ ಆಗಿರಬೇಕು, ಅಷ್ಟೇ. ವಾರದ ಕಂತಿನ ಫೈನಾನ್ಸಿನಲ್ಲಿ ಈ ಸೌಲಭ್ಯ ಸಿಗುವುದು ಕಷ್ಟ. ಮೈಕ್ರೋಫೈನಾನ್ಸ್ ವಸೂಲಿಯ ಕಿರುಕುಳ ಎಷ್ಟಾಯಿತೆಂದರೆ 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಅದರ ವಿರುದ್ಧ ಸುಗ್ರೀವಾಜ್ಞೆಯನ್ನೇ ಹೊರಡಿಸಬೇಕಾಯಿತು. ಬೀಗ ಹಾಕಲು ಶೆಟರ್ ತಂದು, ಕಂತಿನವರಿಗೆ ಹೆದರಿ ಮನೆಗೇ ಬೀಗ ಹಾಕುವ ಗತಿ ಯಾವ ತಾಯಿಗೂ ಬೇಡ. ಸಂಘದಲ್ಲಿ ಹಣ ಸಾಲದಿದ್ದರೆ ಬ್ಯಾಂಕಿಗೆ ಹೋಗಿ 2015ರಲ್ಲಿ ಬಂದ ಮುದ್ರಾ ಯೋಜನೆಯ ಶಿಶು ಸಾಲ ಕೇಳಬಹುದು. ಅದು 50,000 ರೂಪಾಯಿ ತನಕ, ಅಡವು ಇಲ್ಲ. ಅಲ್ಲಿ ಸಾಲ ಗ್ಯಾರೇಜ್ ನಡೆಸುವ ಮಗನ ಹೆಸರಿಗೇ ಆಗುವುದರಿಂದ ಅವ್ವನ ತಲೆಭಾರವೂ ಕಡಿಮೆ.

ಹಾಕಿಸಿದ ಮೇಲೆ

ತಿಂಗಳಿಗೆ 100 ರೂಪಾಯಿ ಶೆಟರಿನ ಹೆಸರಲ್ಲಿ ತೆಗೆದಿಡಿ. ಚಾನೆಲ್ ಒಳಗಿನ ಮಣ್ಣು ತೆಗೆದು ಆಯಿಲ್ ಬಿಡುವುದು, ತುಕ್ಕು ಕಂಡಲ್ಲಿ ಬಣ್ಣ ಹಚ್ಚುವುದು ಮನೆಯವರೇ ಮಾಡಬಹುದು. ಸ್ಪ್ರಿಂಗ್ ಮಾತ್ರ ಮುಟ್ಟಬಾರದು. ಶೆಟರಿನ ಭಾರವನ್ನು ಹೊತ್ತಿರುವುದು ಅದೇ. ಬಿಗಿದು ಸುತ್ತಿದ ಸ್ಪ್ರಿಂಗನ್ನು ಗೊತ್ತಿಲ್ಲದವರು ಬಿಚ್ಚಿದರೆ ಕೈ ಮುರಿಯುವಷ್ಟು ಜೋರಾಗಿ ತಿರುಗುತ್ತದೆ. "ನಾನೇ ಮೆಕ್ಯಾನಿಕ್, ನನಗೇನು" ಅನ್ನುವ ಮಗನಿಗೂ ಇದನ್ನು ಹೇಳಿ. ಶೆಟರ್ ಎತ್ತಲು ಭಾರ ಆಗುತ್ತಿದೆ, ಅರ್ಧಕ್ಕೆ ನಿಲ್ಲದೆ ಜಾರುತ್ತಿದೆ ಅಂದರೆ ಸ್ಪ್ರಿಂಗ್ ಸೋತಿದೆ ಅಂತ ಅರ್ಥ. ಹಾಕಿದವರನ್ನೇ ಕರೆಸಿ. ಅಲ್ಲಿಯ ತನಕ ಮಕ್ಕಳು ಅದರ ಕೆಳಗೆ ಆಡಬಾರದು. ಬಲ್ಬಿನ ವೈರು, ಗಾಳಿ ಮಷೀನಿನ ವೈರು ಶೆಟರಿನ ಪಟ್ಟಿಗೆ ಉಜ್ಜುವಂತೆ ಎಳೆದಿದ್ದರೆ ಇವತ್ತೇ ಬದಲಿಸಿ. ವೈರಿನ ಮೇಲಿನ ರಬ್ಬರು ಸವೆದು ಮಳೆಗಾಲದಲ್ಲಿ ಇಡೀ ಶೆಟರಿಗೆ ಕರೆಂಟ್ ಬರುತ್ತದೆ.

ಸಭೆಯಲ್ಲಿ ಚರ್ಚಿಸಲು

ಸಾಲ ಕೇಳುವ ಸದಸ್ಯೆ ಗ್ಯಾರೇಜಿನ ಒಂದು ತಿಂಗಳ ದುಡಿಮೆ ಖರ್ಚು ಬರೆದು ತರಬೇಕೇ ಬೇಡವೇ? ಗ್ಯಾರೇಜ್ ನಡೆಸುವ ಮಗನನ್ನೋ ಮನೆಯವರನ್ನೋ ಅವತ್ತಿನ ಸಭೆಗೆ ಕರೆಸಿ, ಕಂತಿನ ಮಾತು ಎಲ್ಲರೆದುರು ಆಡಿಸಬಹುದೇ? ಒಬ್ಬಳಿಗೇ 25,000 ಕೊಟ್ಟರೆ ಆ ತಿಂಗಳು ಆಸ್ಪತ್ರೆಗೆ ಅಂತ ಕೇಳಿ ಬಂದವಳಿಗೆ ಸಂಘದಲ್ಲಿ ಎಷ್ಟು ಉಳಿದಿರಬೇಕು? ನಿಮ್ಮ ಸಂಘದ ತೀರ್ಮಾನ ಬೇರೆ ಸಂಘದ ಹಾಗೆ ಇರಬೇಕಾಗಿಲ್ಲ.

ಮುಂದಿನ ವಾರ ಬರುವಾಗ ಟೇಪು ಹಿಡಿದು ನಿಮ್ಮ ಮನೆಯ ಅಥವಾ ಪಕ್ಕದ ಅಂಗಡಿಯ ಬಾಗಿಲ ಅಗಲ ಎತ್ತರ ಅಳೆದು ಬರೆದು ತನ್ನಿ. ಅಗಲಕ್ಕೆ ಅರ್ಧ ಅಡಿ, ಎತ್ತರಕ್ಕೆ ಒಂದು ಅಡಿ ಸೇರಿಸಿ ಚದರಡಿ ಮಾಡಿ. ಲೆಕ್ಕ ಬರುವ ಸದಸ್ಯೆಯರು ಬಾರದವರ ಪಕ್ಕ ಕೂತು ಮಾಡಿಸಲಿ.